ಚಿತ್ರ ಬರೆದವರ ಹೆಸರನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ನಾರ್ವೆ, ಸ್ವೀಡನ್ ಕಡೆಯ ಕತೆಗಳನ್ನು ಸಾಲಾಗಿ ಹಾಕುತ್ತಿದ್ದೀರಿ. ನನಗೆ ತುಂಬಾ ಖುಷಿಯಾಗಿದೆ. ಹನುಮಂತನಗರದ ನಮ್ಮ ಮನೆಗೆ ಶನಿವಾರ ಸಂಜೆ ಚಿತ್ರ ಕಲಿಯಲು ಮಕ್ಕಳು ಬರುತ್ತಾರೆ. ಬಿಳಿ ಕರಡಿ ರಾಜನ ಕತೆಯನ್ನು ಅವರಿಗೆ ಜೋರಾಗಿ ಓದಿ ಹೇಳಿದೆ. ಕರಡಿ ರಾಜಕುಮಾರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೋಗುವಾಗ ಕೇಳುತ್ತದಲ್ಲ, ಇದಕ್ಕಿಂತ ಮೆತ್ತಗಿನ ಜಾಗದಲ್ಲಿ ಎಂದಾದರೂ ಕೂತಿದ್ದೀಯಾ, ಇದಕ್ಕಿಂತ ಚೆನ್ನಾಗಿ ಎಲ್ಲಿಂದಲಾದರೂ ನೋಡಿದ್ದೀಯಾ ಅಂತ. ಇಬ್ಬರು ಅಕ್ಕಂದಿರು ಅಮ್ಮನ ಮಡಿಲನ್ನೂ ಅಪ್ಪನ ಅರಮನೆಯನ್ನೂ ನೆನೆದು "ಹೌದು" ಅನ್ನುತ್ತಾರೆ, ಕರಡಿ ಅವರನ್ನು ವಾಪಸ್ ಕಳಿಸುತ್ತದೆ. ಕೊನೆಯವಳು "ಇಲ್ಲ, ಎಂದೂ ಇಲ್ಲ" ಅನ್ನುತ್ತಾಳೆ. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಮಕ್ಕಳು ಅಲ್ಲಿ ಸುಮ್ಮನಾದರು. ಕನ್ನಡಕ್ಕೆ ತಂದವರ ಹೆಸರು ಕತೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಅದು ಸರಿಯಾದದ್ದೇ.

ಕತೆಯ ನಡುವೆ ಕರಡಿಯ ಬೆನ್ನೇರಿದ ಹುಡುಗಿಯ ಚಿತ್ರ ಹಾಕಿದ್ದಿರಿ. ಮಕ್ಕಳು ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಐದನೇ ಕ್ಲಾಸಿನ ಹುಡುಗನೊಬ್ಬ ಕೇಳಿದ, "ಮಿಸ್, ಇದನ್ನ ಬರೆದಿದ್ದು ಯಾರು?" ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ 'ಚಿತ್ರ: ಅಂತರ್ಜಾಲ' ಎಂದಿತ್ತು. ಆ ಎರಡು ಪದಗಳ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಆ ಚಿತ್ರ ಬರೆದವರು ನಾರ್ವೆಯ ಥಿಯೋಡೋರ್ ಕಿಟ್ಟೆಲ್ಸನ್. ವರ್ಷ 1912. ಬೆಂಗಳೂರಿನವರಿಗೆ ಕಿಟ್ಟೆಲ್ ಅಂದರೆ ನಿಘಂಟು ಮಾಡಿದ ಜರ್ಮನಿಯ ಪಾದ್ರಿ, ಎಂ.ಜಿ. ರಸ್ತೆಯ ಪ್ರತಿಮೆ. ಇವರು ಬೇರೆ. ಇವರು ಹುಟ್ಟಿದ್ದು 1857ರಲ್ಲಿ, ಕ್ರಾಗೆರೋ ಎಂಬ ಸಮುದ್ರ ದಂಡೆಯ ಊರಿನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹುಡುಗನನ್ನು ಗಡಿಯಾರ ರಿಪೇರಿ ಕಲಿಯಲು ಹಾಕಿದರು. ಚಿತ್ರದ ಕೈ ಚೆನ್ನಾಗಿದೆ ಅಂತ ಕಂಡುಕೊಂಡ ಒಬ್ಬರು ದುಡ್ಡು ಕೊಟ್ಟು ಚಿತ್ರಶಾಲೆಗೆ ಕಳಿಸಿದರು. ಅಲ್ಲಿಂದ ಮ್ಯೂನಿಕ್‌ಗೂ ಹೋಗಿ ಕಲಿತರು. ಆಮೇಲೆ ಉತ್ತರದ ಲೋಫೋಟೆನ್ ದ್ವೀಪಗಳ ಕಡೆ, ಒಂದು ದೀಪಸ್ತಂಭದಲ್ಲಿ, ಅಕ್ಕ ಭಾವನ ಜೊತೆ ಸ್ವಲ್ಪ ಕಾಲ ಇದ್ದರು. ಸುತ್ತ ಸಮುದ್ರ, ಬಂಡೆ, ಬಿರುಗಾಳಿ. ಸಮುದ್ರದ ಭೂತಗಳು ಅವರ ಕಾಗದಕ್ಕೆ ಬಂದಿದ್ದು ಅಲ್ಲಿಂದ.

1899ರಲ್ಲಿ ಸೊನೆರೆನ್ ಎಂಬ ಸರೋವರದ ದಂಡೆಯಲ್ಲಿ ಮನೆ ಮಾಡಿದರು. ಮನೆಗೆ ಲಾವ್ಲಿಯಾ ಅಂತ ಹೆಸರು. ಅವರ ತುಂಬಾ ಒಳ್ಳೆಯ ಚಿತ್ರಗಳು ಹುಟ್ಟಿದ್ದು ಅಲ್ಲಿದ್ದ ವರ್ಷಗಳಲ್ಲಿ. 1904ರ ಒಂದು ಚಿತ್ರದಲ್ಲಿ ಕತ್ತಲು ಕವಿದ ಕೊಳ, ಅದರ ಮೇಲೆ ತೇಲುವ ನೈದಿಲೆ ಎಲೆಗಳು, ನೀರಿನಿಂದ ಅರ್ಧ ಮೇಲೆದ್ದ ಒಂದು ತಲೆ, ಎರಡು ಕಣ್ಣು. ಅದು ನೊಕ್ಕೆನ್, ಮನುಷ್ಯರನ್ನು ನೀರಿಗೆ ಎಳೆಯುವ ಭೂತ. 1906ರ ಇನ್ನೊಂದು ಚಿತ್ರದಲ್ಲಿ ಕಾಡಿನ ಟ್ರೋಲ್ ಇದ್ದಾನೆ. ಟ್ರೋಲ್ ಅಂದರೆ ಅವರ ಕಡೆಯ ದೈತ್ಯ. ಅವನ ಮೈಮೇಲೆ ಮರಗಳೇ ಬೆಳೆದಿವೆ. ಗುಡ್ಡ ಎದ್ದು ಬಂತೋ, ದೈತ್ಯ ಬಂದನೋ ಗೊತ್ತಾಗುವುದಿಲ್ಲ. ಕಾಡಿನಲ್ಲಿ ಸಂಜೆ ಒಬ್ಬರೇ ನಡೆದವರಿಗೆ ಮಾತ್ರ ಹೀಗೆ ಬರೆಯಲು ಆಗುತ್ತದೆ ಅಂತ ನಾನು ನಂಬಿದ್ದೇನೆ. ಕೊನೆಗೆ ಕಾಯಿಲೆ, ಸಾಲ ಜಾಸ್ತಿಯಾಗಿ 1910ರಲ್ಲಿ ಆ ಮನೆ ಬಿಡಬೇಕಾಯಿತು. ನೀವು ಅಚ್ಚು ಹಾಕಿದ ಕರಡಿ ಅದಾದ ಎರಡು ವರ್ಷದ ಮೇಲಿನದು. 1914ರ ಜನವರಿಯಲ್ಲಿ ತೀರಿಕೊಂಡರು.

ಇಷ್ಟೆಲ್ಲ ಬಾಳಿನಿಂದ ಬಂದ ಚಿತ್ರದ ಕೆಳಗೆ 'ಅಂತರ್ಜಾಲ' ಎಂದು ಹಾಕುವುದು ತಪ್ಪಲ್ವಾ? ದುಡ್ಡಿನ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ನಮ್ಮ ದೇಶದ ಕಾಯ್ದೆಯ ಪ್ರಕಾರ ಕಲಾವಿದರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಯಾರಿಗೂ ಒಂದು ರೂಪಾಯಿ ಕೊಡಬೇಕಿಲ್ಲ. ಕೊಡಬೇಕಾದ್ದು ಹೆಸರು ಒಂದೇ. ಅದಕ್ಕೆ ಅರ್ಧ ಸಾಲು ಸಾಕು.

ಮರುವಾರ ಸ್ವೀಡನ್ನಿನ ಪುಟ್ಟ ರಾಜಕುಮಾರಿ ತೂವ್‌ಸ್ಟಾರ್ ಕತೆ ಬಂತು. ಅಲ್ಲೂ ಇದೇ ಆಯಿತು. ಕೊಳದ ಪಕ್ಕ ಕೂತು ನೀರು ನೋಡುತ್ತಿರುವ ಹುಡುಗಿಯ ಚಿತ್ರ ಜಾನ್ ಬಾವರ್ ಅವರದು, 1913ರದು. ಬಾವರ್ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಲೇಬೇಕು. ಪುಸ್ತಕಗಳಿಗೆ ಚಿತ್ರ ಬರೆದವರಲ್ಲಿ ನನಗೆ ಅವರಷ್ಟು ಹತ್ತಿರದವರು ಬೇರೆ ಯಾರೂ ಇಲ್ಲ.

ಅವರು ಹುಟ್ಟಿದ್ದು 1882ರಲ್ಲಿ, ಯೋನ್‌ಶೋಪಿಂಗ್ ಎಂಬ ಊರಿನಲ್ಲಿ. ವೆಟ್ಟರ್ನ್ ಎಂಬ ದೊಡ್ಡ ಸರೋವರದ ದಕ್ಷಿಣದ ತುದಿ ಅದು. ಸುತ್ತ ಕಾಡು. ಕಾಡಿನ ತುಂಬ ಪಾಚಿ ಹಿಡಿದ ದುಂಡು ಬಂಡೆಗಳು. 1904ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಉತ್ತರದ ಲ್ಯಾಪ್‌ಲ್ಯಾಂಡಿಗೆ ಹೋಗಿ ಅಲ್ಲಿನ ಸಾಮಿ ಜನರ ಬಟ್ಟೆ, ಚಾಕು, ಪಾತ್ರೆಗಳನ್ನು ನೋಡಿ ನೋಡಿ ಬರೆದುಕೊಂಡರು. ಸ್ವೀಡನ್ನಿನಲ್ಲಿ 1907ರಲ್ಲಿ ಮಕ್ಕಳಿಗಾಗಿ ವರ್ಷಕ್ಕೊಂದು ಕತೆ ಪುಸ್ತಕ ಶುರುವಾಯಿತು. 1907ರಿಂದ 1915ರವರೆಗೆ, 1911 ಒಂದನ್ನು ಬಿಟ್ಟು, ಅದಕ್ಕೆ ಚಿತ್ರ ಬರೆದವರು ಬಾವರ್. ಇವತ್ತು ಸ್ವೀಡನ್ನಿನವರು ಟ್ರೋಲ್ ಅಂದಾಗ ಅವರ ಕಣ್ಣ ಮುಂದೆ ಬರುವುದು ಬಾವರ್ ಬರೆದ ಟ್ರೋಲ್. ದೊಡ್ಡ ಮೂಗು, ಜೋತ ಕೈ, ಬಾಲ. ಕಾಡಿನ ಬಂಡೆಯೇ ಎದ್ದು ಕೂತ ಹಾಗಿರುವ ಮೈ. ಲ್ಯಾಪ್‌ಲ್ಯಾಂಡಿನಲ್ಲಿ ನೋಡಿದ ಬಟ್ಟೆ ಬರೆಗಳು ಆ ಟ್ರೋಲ್‌ಗಳ ಮೈಮೇಲೆ ಇವೆ. ನೋಡಿದರೆ ಭಯಕ್ಕಿಂತ ಮೊದಲು ಪಾಪ ಅನ್ನಿಸುತ್ತದೆ.

ತೂವ್‌ಸ್ಟಾರ್ ಕತೆಯಲ್ಲಿ ಹುಡುಗಿ ಸ್ಕುಟ್ ಎಂಬ ದೊಡ್ಡ ಕೊಂಬಿನ ಎಲ್ಕ್ (ಆ ಕಡೆಯ ಭಾರಿ ಜಿಂಕೆ) ಮೇಲೆ ಕೂತು ಅರಮನೆ ಬಿಟ್ಟು ಹೋಗುತ್ತಾಳೆ. ದಾರಿಯಲ್ಲಿ ಕಿರೀಟ ಹೋಗುತ್ತದೆ. ಉಡುಪು ಹೋಗುತ್ತದೆ. ಕೊನೆಗೆ ಕೊರಳಿನ ಚಿನ್ನದ ಹೃದಯ ಕೊಳದೊಳಗೆ ಬೀಳುತ್ತದೆ. ಅದನ್ನು ಹುಡುಕುತ್ತಾ ಅವಳು ದಂಡೆಯಲ್ಲೇ ಕೂತುಬಿಡುತ್ತಾಳೆ. ವರ್ಷಗಳು ಕಳೆಯುತ್ತವೆ. ಅವಳು ಅಲ್ಲೇ ಒಂದು ಹೂವಾಗುತ್ತಾಳೆ. ಬಾವರ್ ಆ ಚಿತ್ರದ ಬಹುಪಾಲನ್ನು ಕಪ್ಪು ಕಂದು ಬಣ್ಣಕ್ಕೆ ಬಿಟ್ಟಿದ್ದಾರೆ. ನೆಟ್ಟಗೆ ನಿಂತ ಮರಗಳು, ಕದಡದ ನೀರು. ಅಷ್ಟು ಕತ್ತಲಿನ ನಡುವೆ ಹುಡುಗಿಯ ಪುಟ್ಟ ಮೈ ಒಂದೇ ಬೆಳಕು. ಜಲವರ್ಣದಲ್ಲಿ ಇದು ಎಷ್ಟು ಕಷ್ಟ ಅಂತ ಕುಂಚ ಹಿಡಿದವರಿಗೆ ಗೊತ್ತು. ಕತ್ತಲನ್ನು ಪದರ ಪದರವಾಗಿ ಕೂರಿಸಬೇಕು, ಆ ಬೆಳಕಿನ ಜಾಗವನ್ನು ಕೊನೆಯವರೆಗೂ ಕಾಪಾಡಿಕೊಳ್ಳಬೇಕು. ನಮ್ಮ ಕಡೆ ಅಜ್ಜಿಯರು ಹೇಳುವ ಕತೆಯಲ್ಲೂ ಎರಡು ಕೊಡ ನೀರು ಹುಯ್ಯಿಸಿಕೊಂಡು ಹೂವಿನ ಮರವಾಗುವ ಹುಡುಗಿ ಇದ್ದಾಳೆ. ಕೊಂಬೆ ಮುರಿದ ಮೇಲೆ ಅರ್ಧ ಮೈಯಲ್ಲಿ ಉಳಿದುಹೋಗುವ ಅವಳನ್ನು ಬಾವರ್ ಕೈಯವರು ಯಾರಾದರೂ ಬರೆದಿದ್ದರೆ ಹೇಗಿರುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬಾವರ್ ಅವರ ರಾಜಕುಮಾರಿಯರಿಗೆ ಮಾದರಿಯಾಗಿ ಕೂರುತ್ತಿದ್ದವರು ಅವರ ಹೆಂಡತಿ ಎಸ್ತರ್. ಆಕೆಯೂ ಕಲಾವಿದೆ. 1918ರ ನವೆಂಬರ್‌ನಲ್ಲಿ ಸ್ಟಾಕ್‌ಹೋಮ್ ಕಡೆಯ ಹೊಸ ಮನೆಗೆ ಹೋಗಲು ಗಂಡ, ಹೆಂಡತಿ, ಪುಟ್ಟ ಮಗ ಮೂವರೂ ಪೇರ್ ಬ್ರಾಹೆ ಎಂಬ ಹಡಗು ಹತ್ತಿದರು. ಹಿಂದಿನ ತಿಂಗಳಷ್ಟೇ ದೊಡ್ಡ ರೈಲು ಅಪಘಾತವಾಗಿತ್ತು, ರೈಲು ಬೇಡ ಅಂದುಕೊಂಡರು. ಹಡಗಿನ ಮೇಲಟ್ಟದಲ್ಲಿ ಹೊಲಿಗೆ ಯಂತ್ರ, ನೇಗಿಲು, ಒಲೆಗಳನ್ನು ಹೇರಿದ್ದರು. ಬಿರುಗಾಳಿಗೆ ಹಡಗು ವಾಲಿ ವೆಟ್ಟರ್ನ್ ಸರೋವರದಲ್ಲೇ ಮುಳುಗಿತು. ಹಡಗಿನಲ್ಲಿದ್ದ 24 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಾವರ್‌ಗೆ ಆಗ 36 ವರ್ಷ. ಇದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಅಂತ ಯೋಚಿಸಿ, ದೊಡ್ಡ ಮಕ್ಕಳಿಗೆ ಹೇಳಿದೆ. ಒಬ್ಬಳು ಚಿತ್ರವನ್ನು ಮತ್ತೆ ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದಳು.

ಇನ್ನು ಕಳೆದ ವಾರದ ಓಡಿನ್ ಚಿತ್ರದ ವಿಷಯ. ಓಡಿನ್ ಅಂದರೆ ಉತ್ತರದವರ ಪುರಾಣದ ದೊಡ್ಡ ದೇವರು. ಅದನ್ನು ಎಐ ಕೈಯಲ್ಲಿ ಮಾಡಿಸಿದ್ದೀರಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೊಂಬಿನ ಶಿರಸ್ತ್ರಾಣ, ಹೊಳೆಯುವ ಎದೆಕವಚ, ಹಿಂದೆ ಮಿಂಚು. ನಿಮ್ಮ ಪುಟದಲ್ಲೇ ಅಚ್ಚಾದ ಕತೆಯಲ್ಲಿ ಓಡಿನ್ ಒಂದು ಕಣ್ಣು ಕಳೆದುಕೊಂಡವನು, ಅಗಲ ಅಂಚಿನ ಟೊಪ್ಪಿ ಹಾಕಿ, ಉದ್ದ ನಿಲುವಂಗಿ ಹೊದ್ದು ಊರೂರು ಅಲೆಯುವ ಮುದುಕ. ಚಿತ್ರದಲ್ಲಿ ಎರಡೂ ಕಣ್ಣು ನೆಟ್ಟಗಿವೆ. ಸ್ವೀಡನ್ನಿನ ಗೇಯೋರ್ಗ್ ಫೋನ್ ರೋಸೆನ್ 1886ರಲ್ಲಿ ಬರೆದ ಅಲೆಮಾರಿ ಓಡಿನ್ ಚಿತ್ರ ಒಂದಿದೆ. ಟೊಪ್ಪಿ, ನಿಲುವಂಗಿ, ಈಟಿ. ಕತೆಗೆ ಸರಿಯಾಗಿ ಹೊಂದುವ ಚಿತ್ರ. ರೋಸೆನ್ ತೀರಿಕೊಂಡಿದ್ದು 1923ರಲ್ಲಿ, ಆದ್ದರಿಂದ ಅದನ್ನೂ ಯಾರು ಬೇಕಾದರೂ ಬಳಸಬಹುದು.

ಆ ಕೊಂಬುಗಳು ಎಲ್ಲಿಂದ ಬಂದವು ಅಂತಲೂ ಹೇಳುತ್ತೇನೆ. ವೈಕಿಂಗ್ ಕಾಲದವರು, ಅಂದರೆ ಓಡಿನ್‌ನನ್ನು ಪೂಜಿಸುತ್ತಿದ್ದ ಉತ್ತರದ ಹಳೆಯ ಕಾಲದ ಜನ, ಕೊಂಬಿನ ಶಿರಸ್ತ್ರಾಣ ಹಾಕುತ್ತಿದ್ದರು ಅನ್ನಲು ಯಾವ ಪುರಾವೆಯೂ ಇಲ್ಲ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ ಆ ಕಾಲದ ಕಬ್ಬಿಣದ ಶಿರಸ್ತ್ರಾಣ ಒಂದು ಸಿಕ್ಕಿತು. ದುಂಡಗೆ ಇದೆ, ಕಣ್ಣಿಗೆ ಕನ್ನಡಕದ ಥರ ಅಡ್ಡಕಟ್ಟು ಇದೆ, ಕೊಂಬು ಇಲ್ಲ. ಕೊಂಬನ್ನು ಜನರ ಕಣ್ಣಿಗೆ ತಂದವರಲ್ಲಿ ದೊಡ್ಡ ಪಾಲು ಕಾರ್ಲ್ ಎಮಿಲ್ ಡೋಪ್ಲರ್ ಅವರದು. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವ್ಯಾಗ್ನರ್ ಅವರ ಸಂಗೀತ ನಾಟಕಕ್ಕೆ ವೇಷ ಭೂಷಣ ಮಾಡಿದವರು ಅವರು. ಅಂದರೆ ಎಐ ಇವತ್ತು ಕೊಡುವ ಓಡಿನ್ ಕೂಡ ಒಬ್ಬ ಮನುಷ್ಯನ ಕೈ ಕೆಲಸವನ್ನು, ಹೆಸರು ಹೇಳದೆ, ತಿರುಗಿ ತಿರುಗಿ ಕೊಡುತ್ತಿದೆ.

ಉತ್ತರದವರ ಪುರಾಣ ಬರಹಕ್ಕೆ ಇಳಿದದ್ದು ಐಸ್‌ಲ್ಯಾಂಡಿನಲ್ಲಿ, 13ನೇ ಶತಮಾನದಲ್ಲಿ. ಸ್ನೋರಿ ಸ್ಟುರ್ಲುಸನ್ ಎಂಬವರು ಎಡ್ಡಾ ಎಂಬ ಪುರಾಣದ ಪುಸ್ತಕ ಬರೆದದ್ದು ಸುಮಾರು 1220ರಲ್ಲಿ. ಅದಾದ ಎಷ್ಟೋ ಕಾಲದ ಮೇಲೂ ಅಲ್ಲಿನ ಜನ ಆ ಪುಸ್ತಕವನ್ನು ಕೈಯಲ್ಲೇ ಪ್ರತಿ ಮಾಡಿ ಓದುತ್ತಿದ್ದರು. ಅಂಥ ಒಂದು ಪ್ರತಿಯನ್ನು 1765ರ ಸುಮಾರಿಗೆ ಯಾಕೋಬ್ ಸಿಗುರ್ಡ್‌ಸನ್ ಎಂಬವರು ಮಾಡಿದರು. ಅದರಲ್ಲಿ ಚಿತ್ರಗಳಿವೆ. ದೊಡ್ಡ ಶಾಲೆಯಲ್ಲಿ ಕಲಿತ ಕೈ ಅಲ್ಲ. ಗೆರೆ ಒರಟು, ಬಣ್ಣ ನೇರ. ಅದರಲ್ಲಿ ನನಗೆ ಪ್ರಾಣವಾದದ್ದು ಔಧುಂಬ್ಲಾ ಎಂಬ ಹಸುವಿನ ಚಿತ್ರ. ಲೋಕದ ಮೊದಲ ಹಸು ಅವಳು. ಅವಳ ಕೆಚ್ಚಲಿನಿಂದ ನಾಲ್ಕು ಹೊಳೆ ಹಾಲು ಹರಿಯುತ್ತದೆ. ಮೊದಲ ದೈತ್ಯ ಬದುಕಿದ್ದು ಆ ಹಾಲು ಕುಡಿದು. ಅವಳು ಉಪ್ಪು ಹಿಮವನ್ನು ನೆಕ್ಕುತ್ತಾಳೆ. ಮೊದಲ ದಿನ ಹಿಮದೊಳಗಿಂದ ಕೂದಲು ಕಾಣುತ್ತದೆ, ಎರಡನೇ ದಿನ ತಲೆ, ಮೂರನೇ ದಿನ ಇಡೀ ಮನುಷ್ಯ. ದೇವತೆಗಳ ಮುತ್ತಾತ ಹುಟ್ಟಿದ್ದು ಹಾಗೆ. ನಮ್ಮ ಮಕ್ಕಳಿಗೆ ಈ ಕತೆ ಹೇಳಿ ನೋಡಿ. ಕಾಮಧೇನುವಿನ ಕತೆ ಗೊತ್ತಿರುವ ಮಕ್ಕಳು ಇವಳನ್ನು ಕೂಡಲೇ ಮನೆಯವಳು ಮಾಡಿಕೊಳ್ಳುತ್ತಾರೆ. ಯಾಕೋಬ್ ಅವರ ಹಸುವನ್ನು ಆ ಪುಟದಲ್ಲಿ ಹಾಕಿದ್ದರೆ, ಪ್ರತಿ ಮಾಡುತ್ತಾ ಕೂತು ಚಿತ್ರ ಬರೆದ ಆ ಮನುಷ್ಯನ ಹೆಸರು ಕೂಡ 260 ವರ್ಷದ ಮೇಲೆ ಬೆಂಗಳೂರಿಗೆ ಬರುತ್ತಿತ್ತು.

ನನ್ನ ಬಗ್ಗೆಯೂ ಎರಡು ಮಾತು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಕೆಲಸದ ಜೊತೆ ಮಕ್ಕಳ ಪುಸ್ತಕಗಳಿಗೂ ಚಿತ್ರ ಬರೆದೆ. ಒಂದು ಪುಸ್ತಕಕ್ಕೆ ಇಂಡಿಯನ್ ಇಂಕ್‌ನಲ್ಲಿ ರಾತ್ರಿ ಎಲ್ಲಾ ಕೂತು ಬರೆದುಕೊಟ್ಟಿದ್ದೆ. ಪುಸ್ತಕ ಕೈಗೆ ಬಂದಾಗ ಮುದ್ರಕರ ಹೆಸರಿತ್ತು, ಕಾಗದ ಯಾವುದು ಅಂತಲೂ ಇತ್ತು, ನನ್ನ ಹೆಸರಿರಲಿಲ್ಲ. ಕೇಳಿದ್ದಕ್ಕೆ 'ಚಿತ್ರಕ್ಕೆಲ್ಲ ಯಾರು ಹೆಸರು ಹಾಕ್ತಾರೆ ಮೇಡಂ' ಅಂದರು. ಆಮೇಲೆ ಅದೇ ಚಿತ್ರಗಳು ಇನ್ನೊಂದು ಪುಸ್ತಕದಲ್ಲೂ ಬಂದವು. ಆ ನೋವು ಹಳೆಯದು, ಅದನ್ನು ಎತ್ತಿ ಯಾರನ್ನೂ ದೂರುವ ಮನಸ್ಸಿಲ್ಲ. ಹೆಸರಿಲ್ಲದಿದ್ದರೆ ಏನು ಹೋಗುತ್ತದೆ ಅಂತ ನನಗೆ ಒಳಗಿನಿಂದ ಗೊತ್ತು ಅನ್ನುವುದಕ್ಕಾಗಿ ಹೇಳಿದೆ.

ನಾನು ಚಿತ್ರ ಕಲಿತದ್ದೇ ಒಂದು ಹೆಸರಿನಿಂದ. ಚಿಕ್ಕವಳಿದ್ದಾಗ ಮನೆಗೆ ಚಂದಮಾಮ ಬರುತ್ತಿತ್ತು. ಬೇತಾಳನನ್ನು ಹೆಗಲ ಮೇಲೆ ಹೊತ್ತು, ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರ ಯಾರಿಗೆ ಗೊತ್ತಿಲ್ಲ? ಅದನ್ನು ಬರೆದವರು ಶಂಕರ್, 2020ರಲ್ಲಿ ತೀರಿಕೊಂಡರು. ಅದೇ ಪತ್ರಿಕೆಗೆ ಚಿತ್ರಾ ಎಂಬ ಹೆಸರಿನ ಕಲಾವಿದರೂ ಬರೆದರು, ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ ಮಹಾಭಾರತದ ಮುಖಪುಟಗಳನ್ನು ಬರೆದರು. ಹೆಸರು ಗೊತ್ತಿದ್ದದ್ದರಿಂದ ಇವರ ಗೆರೆ ಬೇರೆ, ಅವರ ಗೆರೆ ಬೇರೆ ಅಂತ ಹುಡುಕುತ್ತಿದ್ದೆ. ಚಿತ್ರ ಅನ್ನುವುದು ಒಬ್ಬರು ಕೂತು ಮಾಡುವ ಕೆಲಸ, ನಾನೂ ಮಾಡಬಹುದು ಅಂತ ಅನ್ನಿಸಿದ್ದು ಆಗ. 'ಅಂತರ್ಜಾಲ' ಎಂದು ಓದುವ ಇವತ್ತಿನ ಮಗುವಿಗೆ ಹಾಗೆ ಅನ್ನಿಸಲು ದಾರಿಯೇ ಇಲ್ಲ. ನಾನು ಇಷ್ಟು ಹಟ ಮಾಡುತ್ತಿರುವುದು ಇದೊಂದೇ ಕಾರಣಕ್ಕೆ.

ಹೆಸರು ಗೊತ್ತಾದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದೆ. ಕಿಟ್ಟೆಲ್ಸನ್, ಬಾವರ್ ಇಬ್ಬರ ವಿಷಯ ಹೇಳಿದ ಮೇಲೆ ಮಕ್ಕಳನ್ನು ಲಾಲ್‌ಬಾಗಿನ ಬಂಡೆಗೆ ಕರೆದುಕೊಂಡು ಹೋದೆ. ಅದು ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ, ಮೇಲೆ ಕೆಂಪೇಗೌಡರ ಗೋಪುರ ಇದೆ. ನಾರ್ವೆ, ಸ್ವೀಡನ್ ಕತೆಗಳಲ್ಲಿ ಟ್ರೋಲ್ ಮೇಲೆ ಬಿಸಿಲು ಬಿದ್ದರೆ ಅವನು ಕಲ್ಲಾಗುತ್ತಾನೆ. ಈ ಬಂಡೆ ಯಾರು ಅಂತ ನೋಡಿ ಬರೆಯಿರಿ ಅಂದೆ. ಒಬ್ಬ ಹುಡುಗ ಗೋಪುರವನ್ನು ದೈತ್ಯನ ಜುಟ್ಟು ಮಾಡಿದ. ಇನ್ನೊಬ್ಬ ಬಂಡೆಯ ಬಿರುಕುಗಳನ್ನೆಲ್ಲ ಮುಖದ ಸುಕ್ಕು ಮಾಡಿದ. ಕಟ್ಟಡ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಬಂದ ಮನೆಯ ಹುಡುಗಿಯೊಬ್ಬಳು ಕೊನೆಯವರೆಗೂ ಯಾರಿಗೂ ತೋರಿಸಲಿಲ್ಲ. ಅವಳ ದೈತ್ಯ ಹೆಂಗಸು. ತಲೆ ಮೇಲೆ ಸಿಂಬಿ ಇದೆ, ಸೀರೆ ಮೇಲೆ ಗಂಡಸರ ಅಂಗಿ ತೊಟ್ಟಿದ್ದಾಳೆ, ಕೆಲಸ ಮುಗಿಸಿ ಮಗ್ಗುಲಾಗಿ ಮಲಗಿದ್ದಾಳೆ. ಬಾವರ್ ಲ್ಯಾಪ್‌ಲ್ಯಾಂಡಿನ ಬಟ್ಟೆಯನ್ನು ಟ್ರೋಲ್‌ಗೆ ತೊಡಿಸಿದ್ದನ್ನು ಅವಳು ಕೇಳಿಸಿಕೊಂಡಿದ್ದಳು.

ಈ ಮಾತನ್ನು ದೊಡ್ಡವರೂ ಕೇಳಿಸಿಕೊಳ್ಳಬೇಕು ಅಂತ ನನ್ನ ಆಸೆ. ನಾರ್ವೆಯ ಅಜ್ಜಿ ಕತೆಗಳನ್ನು ಆಸ್‌ಬ್ಯೋರ್ನ್‌ಸೆನ್ ಮತ್ತು ಮೂ ಎಂಬ ಇಬ್ಬರು ಗೆಳೆಯರು ಊರೂರು ತಿರುಗಿ ಕೂಡಿಸಿ 1841ರಿಂದ ಅಚ್ಚು ಹಾಕಿದರು. ಅವಕ್ಕೆ ಚಿತ್ರ ಬರೆದವರಲ್ಲಿ ಎರಿಕ್ ವೆರೆನ್ಸ್‌ಕ್ಯೋಲ್ಡ್ ಮುಖ್ಯರು. ಕಿಟ್ಟೆಲ್ಸನ್‌ರನ್ನು ಈ ಕೆಲಸಕ್ಕೆ ಸೂಚಿಸಿದವರೂ ಅವರೇ. ಆ ಚಿತ್ರಗಳಲ್ಲಿ ರಾಜ ಅಂದರೆ ದೊಡ್ಡ ಹಿಡುವಳಿಯ ರೈತ. ತಲೆ ಮೇಲೆ ಕಿರೀಟ ಇದೆ, ಬಾಯಲ್ಲಿ ಉದ್ದ ಪೈಪು ಇದೆ, ಅರಮನೆ ಅಂದರೆ ಮರದ ತೋಟದ ಮನೆ. ಕತೆ ಹೇಳುವ ಹಳ್ಳಿಯವರು ಮನಸ್ಸಿನಲ್ಲಿ ಕಂಡ ರಾಜ ಅವನೇ. ನಮ್ಮ ಜನಪದ ಕತೆಯ ರಾಜನೂ ಹಾಗೇ ಅಲ್ವಾ? ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಪಂಚಾಯ್ತಿ ಮಾಡುವ ಗೌಡನ ಥರ ಇರುತ್ತಾನೆ. ನಮ್ಮ ಪುಸ್ತಕಗಳಲ್ಲಿ ಮಾತ್ರ ಅವನಿಗೆ ಯಾವಾಗಲೂ ಸಿನಿಮಾದ ಜರಿ ಪೇಟ, ಹಿಂದೆ ಮೈಸೂರು ಅರಮನೆ.

ದೆವ್ವಗಳ ವಿಷಯದಲ್ಲಂತೂ ಇನ್ನೂ ಬೇಜಾರು. 1349ರಲ್ಲಿ ನಾರ್ವೆಗೆ ಪ್ಲೇಗ್ ಬಂದಾಗ ಜನ ಅದನ್ನು ಪೆಸ್ತಾ ಎಂಬ ಮುದುಕಿ ಅಂದುಕೊಂಡರು. ಅವಳು ಕೈಯಲ್ಲಿ ಹುಲ್ಲು ಬಾಚುವ ಹಲ್ಲುಗೋಲು ಹಿಡಿದು ಬಂದರೆ ಊರಿನಲ್ಲಿ ಕೆಲವರು ಉಳಿಯುತ್ತಾರೆ, ಪೊರಕೆ ಹಿಡಿದು ಬಂದರೆ ಯಾರೂ ಉಳಿಯುವುದಿಲ್ಲ. ಕಿಟ್ಟೆಲ್ಸನ್ 1896ರಲ್ಲಿ ಅವಳನ್ನು ಮೆಟ್ಟಿಲ ಮೇಲೆ ಬರೆದರು. ನಾವು ಮೇಲೆ ನಿಂತಿದ್ದೇವೆ, ಅವಳು ಕೆಳಗಿನಿಂದ ನಮ್ಮನ್ನೇ ನೋಡುತ್ತಾ ಹತ್ತಿ ಬರುತ್ತಿದ್ದಾಳೆ. 1900ರಲ್ಲಿ ಅವಳ ಮೇಲೆ ಒಂದು ಇಡೀ ಪುಸ್ತಕವನ್ನೇ ತಂದರು. ಅದರ ಹಿಂದಿನ ವರ್ಷಗಳಲ್ಲೇ, 1898ರಲ್ಲಿ, ನಮ್ಮ ಬೆಂಗಳೂರಿಗೂ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಕ್ಕೆ ಬಂದರು. ಪ್ಲೇಗಮ್ಮನಿಗೆ ಗುಡಿ ಕಟ್ಟಿದರು, ಕೆಲವು ಬಡಾವಣೆಗಳಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಆ ಅಮ್ಮ ಪೇಟೆಯ ಗಲ್ಲಿಯಲ್ಲಿ ರಾತ್ರಿ ನಡೆದು ಬಂದದ್ದು ಹೇಗಿತ್ತು ಅಂತ ತೋರಿಸುವ ಚಿತ್ರ ಮಕ್ಕಳ ಕೈಗೆ ಸಿಗುವ ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ. 90ರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಅಂತ ಸೀಮೆಸುಣ್ಣದಲ್ಲಿ ಬರೆದಿದ್ದರು. ಮನೆಯವರ ದನಿಯಲ್ಲಿ ಕರೆಯುವ ಆ ದೆವ್ವಕ್ಕೆ ಮುಖ ಹೇಗಿತ್ತು? ನನ್ನ ಮಕ್ಕಳಿಗೆ ದೆವ್ವ ಬರೆಯಿರಿ ಅಂದರೆ ಬಿಳಿ ಬೆಡ್‌ಶೀಟಿಗೆ ಎರಡು ತೂತು ಬರೆಯುತ್ತಾರೆ. ಅವರು ನೋಡಿರುವುದೇ ಅದು.

ನಮ್ಮಲ್ಲಿ ಕೈ ಇಲ್ಲ ಅಂತ ಯಾರೂ ಹೇಳಬಾರದು. ಕಸ್ತೂರಬಾ ರಸ್ತೆಯಲ್ಲಿ ಯಾರ ಹೆಸರಿನ ಕಲಾ ಗ್ಯಾಲರಿ ಇದೆಯೋ ಆ ಕೆ. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ. ಡೆನ್ಮಾರ್ಕಿನ ಕೇ ನೀಲ್ಸನ್ ಹುಟ್ಟಿದ್ದೂ ಅದೇ ವರ್ಷ. ನಾರ್ವೆಯ ಕತೆಗಳಿಗೆ 1914ರಲ್ಲಿ ನೀಲ್ಸನ್ ಬರೆದ ಚಿತ್ರಗಳನ್ನು ಲೋಕವೆಲ್ಲ ಕೊಂಡಾಡುತ್ತದೆ. ಅದಕ್ಕೆ ಒಂದು ವರ್ಷ ಮೊದಲು, 1913ರಲ್ಲಿ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಹಿಂದೂ ಬೌದ್ಧ ಪುರಾಣ ಕತೆಗಳ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಅವನೀಂದ್ರನಾಥ ಟ್ಯಾಗೋರ್ ಅವರ ಉಸ್ತುವಾರಿಯಲ್ಲಿ ಅದಕ್ಕೆ ಚಿತ್ರ ಬರೆದ ಶಿಷ್ಯರಲ್ಲಿ ವೆಂಕಟಪ್ಪ ಒಬ್ಬರು. ರಾಮಾಯಣದ ಚಿತ್ರಗಳು ಅವರವು. ಬಾವರ್ ತೂವ್‌ಸ್ಟಾರ್ ಬರೆದ ವರ್ಷವೇ ಅದು. ಆ ಪುಸ್ತಕದ ಚಿತ್ರಗಳ ಪಟ್ಟಿಯಲ್ಲಿ ಮೈಸೂರಿನ ಹುಡುಗನ ಹೆಸರನ್ನು ಲಂಡನ್ನಿನ ಪ್ರಕಾಶಕರು ಹಾಕಿದ್ದಾರೆ. ನಾವು ಇವತ್ತು ಬೆಂಗಳೂರಿನಲ್ಲಿ ಕೂತು ಕಿಟ್ಟೆಲ್ಸನ್ ಹೆಸರು ಹಾಕಲು ಆಗದೇ?

ಅಚ್ಚಿನ ಬಗ್ಗೆ ಒಂದು ಮಾತು. ಬಾವರ್ ಚಿತ್ರ ನ್ಯೂಸ್‌ಪ್ರಿಂಟ್ ಮೇಲೆ ಸೀದ ರೊಟ್ಟಿಯ ಹಾಗೆ ಬಂದಿತ್ತು. ಆ ಕಾಗದ ಶಾಯಿ ಹೀರುತ್ತದೆ, ಕತ್ತಲಿನೊಳಗಿನ ಕತ್ತಲು ಅದರಲ್ಲಿ ನಿಲ್ಲುವುದಿಲ್ಲ. ಬಾವರ್, ಕಿಟ್ಟೆಲ್ಸನ್ ಅವರ ಗಾಢ ಚಿತ್ರಗಳನ್ನು ಹಾಕುವಾಗ ನಡುಬಣ್ಣಗಳನ್ನು ಸ್ವಲ್ಪ ತಿಳಿ ಮಾಡಿಸಿ. ಇಲ್ಲದಿದ್ದರೆ ವೆರೆನ್ಸ್‌ಕ್ಯೋಲ್ಡ್ ಅವರ ಗೆರೆ ಚಿತ್ರಗಳನ್ನು ಆರಿಸಿಕೊಳ್ಳಿ. ಗೆರೆ ಚಿತ್ರ ಪತ್ರಿಕೆ ಕಾಗದಕ್ಕೆ ಚೆನ್ನಾಗಿ ಒಗ್ಗುತ್ತದೆ. ಚಿತ್ರದ ಅಂಚು ಕತ್ತರಿಸಬೇಡಿ. ಕರಡಿ ಚಿತ್ರದಲ್ಲಿ ಕಾಡನ್ನು ಕತ್ತರಿಸಿ ಕರಡಿಯನ್ನು ಮಾತ್ರ ಉಳಿಸಿದ್ದೀರಿ. ಆ ಕಾಡಿಗಾಗಿ ಕಿಟ್ಟೆಲ್ಸನ್ ಒಂದು ಜೀವಮಾನ ಕಳೆದಿದ್ದರು.

ನನ್ನ ಕೋರಿಕೆ ಇಷ್ಟು. ಬರುವ ಭಾನುವಾರದ ಪುಟದಲ್ಲಿ ಒಂದು ಮೂಲೆಯಲ್ಲಿ, ಕರಡಿ ಮತ್ತು ಹುಡುಗಿ: ಥಿಯೋಡೋರ್ ಕಿಟ್ಟೆಲ್ಸನ್ (1857–1914), ನಾರ್ವೆ, ಕೊಳದ ದಂಡೆಯ ಹುಡುಗಿ: ಜಾನ್ ಬಾವರ್ (1882–1918), ಸ್ವೀಡನ್ ಎಂದು ಹಾಕಿ. ಇನ್ನು ಮುಂದೆ ಪ್ರತಿ ಚಿತ್ರಕ್ಕೂ ಹಾಗೇ ಮಾಡಿ. ನಮ್ಮ ಕತೆಗಳು ಬಂದಾಗ ಎಐ ಬಿಟ್ಟು ಇಲ್ಲಿನ ಹುಡುಗ ಹುಡುಗಿಯರ ಕೈಯಲ್ಲಿ ಬರೆಸಿ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆಯ ದಿನ ಒಂದು ಸುತ್ತು ಹಾಕಿದರೆ ಸಾಕು, ಎಷ್ಟು ಜನ ಬೇಕಾದರೂ ಸಿಗುತ್ತಾರೆ. ಅವರಿಗೆ ಸರಿಯಾದ ದುಡ್ಡು ಕೊಡಿ, ಕತೆ ಬರೆದವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅವರ ಹೆಸರನ್ನೂ ಹಾಕಿ. ಉತ್ತರದ ಕತೆಗಳು ಇನ್ನೂ ಬರುವುದಿದ್ದರೆ ಯಾವ ಚಿತ್ರ ಯಾರದು ಅಂತ ಗುರುತಿಸಿ ಕೊಡಲು ನಾನು ಸಿದ್ಧ. ಶನಿವಾರ ಬಿಟ್ಟು ಯಾವ ದಿನವಾದರೂ ಸರಿ.

ಇಂತಿ,
ವಿಜಯಾ
ನಿವೃತ್ತ ಚಿತ್ರಕಲಾ ಶಿಕ್ಷಕಿ
ಹನುಮಂತನಗರ, ಬೆಂಗಳೂರು